ಅತ್ತಿಗೆಯ ಟೇಕ್, ಅಮಾಯಿಯ ಉಪ್ಪು

ಹುಣಸೂರು

ಇಂಗ್ಲಿಷಿನಲ್ಲಿ ‘ಟೇಕ್’ ಅಂತ ಒಂದು ಕ್ರಿಯಾಪದ ಇದೆ. ಹುಣಸೂರಿನ ಹೈಸ್ಕೂಲಿನಲ್ಲಿ ಮೇಡಮ್ಮಾಗಿದ್ದಷ್ಟು ಕಾಲವೂ ಪ್ರತಿ ವರ್ಷ ಅದೊಂದಕ್ಕೇ ಇಡೀ ಪೀರಿಯಡ್ ಸುರಿದಿದ್ದೇನೆ. ಬೋರ್ಡಿನ ನಡುವೆ ‘ಟೇಕ್’ ಅಂತ ಬರೆದು ಸುತ್ತಲೂ ಗೆರೆ ಎಳೆಯುತ್ತಿದ್ದೆ. ಕೊಟ್ಟದ್ದನ್ನು ಕೈಯಲ್ಲಿ ತಗೊಂಡರೆ ರಿಸೀವ್. ಮನಸ್ಸಿನಿಂದ ಒಪ್ಪಿಕೊಂಡರೆ ಆಕ್ಸೆಪ್ಟ್. ಕಿತ್ತುಕೊಂಡರೆ ಗ್ರ್ಯಾಬ್. ಹೊತ್ತುಕೊಂಡು ಹೋದರೆ ಕ್ಯಾರಿ. ಮಾತ್ರೆಯಾದರೆ ಸ್ವಾಲೋ. ಸಹಿಸಿಕೊಂಡರೆ ಬೇರ್. ಬರೀ ಟೇಕ್ ಟೇಕ್ ಅನ್ನಬೇಡಿ ಮಕ್ಕಳೇ, ಸರಿಯಾದ ಪದ ಹುಡುಕಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ಅವರು ಪರೀಕ್ಷೆಯಲ್ಲಿ ‘ಐ ಟೇಕ್ ಬಾತ್ ಡೈಲಿ’ ಅಂತಲೇ ಬರೆದು, ಪಾಸೂ ಆಗಿ, ಹೊರಟುಹೋಗುತ್ತಿದ್ದರು.

ಈ ಪುರಾಣ ಯಾಕೆಂದರೆ, ನಾನು ಜಿಂಬಾಬ್ವೆಗೆ ಹೋಗಿಬಂದೆ ಅಂತ ಗೊತ್ತಾದ ಮೇಲೆ ಬಿಳಿಕೆರೆ ಬಸ್ಸಿನಲ್ಲಿ ಸಿಕ್ಕವರೂ ನಿಲ್ಲಿಸಿ ಕೇಳುತ್ತಾರೆ. ಸಿಂಹ ನೋಡಿದ್ರಾ ಮೇಡಂ, ಜಲಪಾತ ನೋಡಿದ್ರಾ ಮೇಡಂ ಅಂತ. ಸಿಂಹವನ್ನೂ ನೋಡಲಿಲ್ಲ, ಜಲಪಾತವನ್ನೂ ನೋಡಲಿಲ್ಲ. ಅತ್ತಿಗೆಯನ್ನು ನೋಡಿದೆ. ಅವರ ಬಾಯಲ್ಲಿ ಈ ಒಂದು ಕ್ರಿಯಾಪದ ಪಟ್ಟ ಪಾಡನ್ನು ನೋಡಿದೆ.

ಅತ್ತಿಗೆ ಅಂದರೆ ಜಯಮ್ಮ, ನನ್ನ ಅಣ್ಣನ ಹೆಂಡತಿ. ಪಿರಿಯಾಪಟ್ಟಣ ತಾಲೂಕಿನಲ್ಲಿ ಬೆಟ್ಟದಪುರದ ಕಡೆ ಅವರ ಊರು. ಬೆಳೆಯುವುದು ಹೊಗೆಸೊಪ್ಪು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಎತ್ತರದ ಮನೆಯೊಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗಿನಿಂದ ಕಾವು ಕೊಟ್ಟು ಹದ ಮಾಡುತ್ತಾರಲ್ಲ, ಆ ಮನೆಗೆ ಬ್ಯಾರನ್ ಅನ್ನುತ್ತಾರೆ. ಅತ್ತಿಗೆಯ ಬ್ಯಾರನ್ನಿನ ಗೋಡೆ ಹಿಂದಿನ ಮಳೆಗಾಲದಲ್ಲಿ ಕುಸಿದುಬಿದ್ದಿತ್ತು. ಇದ್ದಷ್ಟು ದಿನ ಅದು ಸೌದೆಯನ್ನು ನುಂಗಿ ನೀರು ಕುಡಿಯುತ್ತಿತ್ತು. ಸೌದೆ ಹೊಂಚುವುದು, ಒಡೆಯುವುದು, ಹೊರುವುದು ಎಲ್ಲ ಅತ್ತಿಗೆಯ ಬೆನ್ನಿನ ಮೇಲೆ.

ಆಗ ಕೆ.ಆರ್. ನಗರದ ಮಂಜಣ್ಣ ಬಂದ. ಬೆಳೆಗಾರರನ್ನು ಒಟ್ಟು ಹಾಕಿ ಪ್ರವಾಸ ಹೊರಡಿಸುವುದು ಅವನ ಕಸುಬು. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಜಿಂಬಾಬ್ವೆಯಲ್ಲಿ ಒಬ್ಬ ಹೆಂಗಸು ಪುಟ್ಟ ಒಲೆಯ ಬ್ಯಾರನ್ ಕಟ್ಟಿದ್ದಾಳೆ, ಬರೀ ಒಣಕಡ್ಡಿ ಪುಳ್ಳೆಯಲ್ಲಿ ಸೊಪ್ಪು ಬೇಯುತ್ತದೆ ಅಂತ. ಅಣ್ಣ ನಂಬಲಿಲ್ಲ. “ಯಾರಾದ್ರೂ ಕಣ್ಣಾರೆ ನೋಡಿ, ಗಾರೆಯವನಿಗೆ ಅಳತೆ ಹೇಳಂಗಿದ್ರೆ ಕಟ್ಟುವ. ಇಲ್ದಿದ್ರೆ ಹಳೇ ಥರದ್ದೇ ಎದ್ದೇಳ್ಲಿ ಬುಡು,” ಅಂದ. ಅವನಿಗೆ ಮಂಡಿನೋವು, ಹೋಗುವ ಹಾಗಿರಲಿಲ್ಲ. ಅತ್ತಿಗೆ ನಾನೇ ಹೋಗುತ್ತೇನೆ ಅಂದರು. ಜೊತೆಗೆ ಇಂಗ್ಲಿಷ್ ಬರುವ ನಾನು. ನನ್ನನ್ನು ಯಾರೂ ಕೇಳಲೇ ಇಲ್ಲ, ಪಾಸ್‌ಪೋರ್ಟ್ ಮಾಡಿಸಿಬಿಟ್ಟರು.

ಹೊರಡುವ ಮುಂಚೆ ಅತ್ತಿಗೆ ಅಂದರು: “ಸರೋಜ, ಇಂಗ್ಲೀಸಲ್ಲಿ ಒಂದೇ ಒಂದು ಮಾತು ಹೇಳ್ಕೊಡವ್ವ. ಎಲ್ಲದುಕ್ಕೂ ಆಗ್ಬೇಕು ನೋಡು.”

ಎಲ್ಲದಕ್ಕೂ ಆಗುವ ಮಾತು ಅಂದರೆ ನನಗೆ ಹೊಳೆದದ್ದು ಒಂದೇ. ಆ ಗಳಿಗೆಯಲ್ಲಿ ನನ್ನ ನಾಲಿಗೆಗೆ ಏನಾಗಿತ್ತೋ ಕಾಣೆ.

ವಿಮಾನ

ವಿಮಾನ ಹತ್ತಿದ್ದೇ ಅತ್ತಿಗೆ ಕೆಲಸ ಶುರು ಮಾಡಿದರು. ಪಕ್ಕದಲ್ಲಿ ಕೂತಿದ್ದ ಕೋಟು ಹಾಕಿದ ಮನುಷ್ಯನ ಮೂತಿಗೆ ಕೋಡುಬಳೆಯ ಡಬ್ಬಿ ಹಿಡಿದು “ಟೇಕ್” ಅಂದರು. ಆತ ನಗುತ್ತಾ ಬೇಡ ಅಂದ. “ಟೇಕ್, ಟೇಕ್.” ಬೇಡ. “ಅಯ್ಯೋ, ಟೇಕ್ ಅಂದ್ರೆ!” ನಮ್ಮಲ್ಲಿ ಮೊದಲ ಸಲ ಬೇಡ ಅಂದರೆ ಅದು ಬರೀ ಮರ್ಯಾದೆ, ಎರಡನೆಯ ಸಲ ಸಂಕೋಚ, ಮೂರನೆಯ ಸಲಕ್ಕೆ ತಿನ್ನುತ್ತಾರೆ. ಪಾಪ, ಆತನಿಗೆ ಇದೆಲ್ಲ ಯಾರು ಹೇಳಬೇಕು? ಕೊನೆಗೆ ಹೆದರಿಯೇ ಒಂದು ತಗೊಂಡ. ಅತ್ತಿಗೆ ನನ್ನ ಕಡೆ ತಿರುಗಿ, “ನೋಡ್ದ? ಒಳ್ಳೇ ಮಾತು ಹೇಳ್ಕೊಟ್ಟೆ ಕಣೇ,” ಅಂದರು.

ಅಲ್ಲಿಂದ ಮುಂದೆ ಆ ಪದಕ್ಕೆ ಬಿಡುವೇ ಇಲ್ಲ. ಕಾಲು ಸರಿಸಿ ಅನ್ನಲು ಟೇಕ್. ಕಿಟಕಿಯಾಚೆ ಮೋಡ ನೋಡಿ ಅನ್ನಲು ಟೇಕ್. ನೀರು ಕೊಡಿ ಅನ್ನಲೂ ಟೇಕ್. ಗಗನಸಖಿ ಕಂಬಳಿ ತಂದಾಗ ಇದು ಸಾಕು ತಗೊಂಡುಹೋಗು ಅನ್ನಲೂ ಅದೇ. ನಾನು ಅಲ್ಲೇ ತಿದ್ದಲು ಹೊರಟೆ. “ಅತ್ತಿಗೆ, ಇಲ್ಲಿ ಗಿವ್ ಅನ್ನಬೇಕು, ಅಲ್ಲಿ ಮೂವ್ ಅನ್ನಬೇಕು.” ಅವರು, “ಆಯಮ್ಮಂಗೆ ಅರ್ಥ ಆಯ್ತಲ್ಲ, ನಿಂದೇನೇ ನಡುವೆ?” ಅಂದುಬಿಟ್ಟರು. ನಾನು ಕಿಟಕಿ ಕಡೆ ತಿರುಗಿದೆ. ಮಂಜಣ್ಣ ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ.

ಹರಾರೆಯಲ್ಲಿ ಇಳಿದಾಗ ಚೀಲ ತಪಾಸಣೆಯ ಅಧಿಕಾರಿ ಅತ್ತಿಗೆಯ ಹುಣಸೆ ತೊಕ್ಕಿನ ಡಬ್ಬಿ ಹೊರಗೆ ತೆಗೆದು, ಮುಚ್ಚಳ ಬಿಚ್ಚಿ, ಮೂಸಿದ. ರುಚಿ ನೋಡಲಿ ಪಾಪ ಅಂತ ಅತ್ತಿಗೆ, “ಟೇಕ್, ಟೇಕ್,” ಅಂದರು. ಆತ ಥ್ಯಾಂಕ್ಯೂ ಅಂದು ಡಬ್ಬಿಯನ್ನೇ ಪಕ್ಕಕ್ಕಿಟ್ಟುಕೊಂಡ. ಅತ್ತಿಗೆ ಮಾರುದ್ದ ಮುಖ ಮಾಡಿಕೊಂಡು ದಾರಿಯುದ್ದಕ್ಕೂ ನನ್ನನ್ನೇ ಬೈದರು. “ಅದೇನು ಮಾತು ಹೇಳ್ಕೊಟ್ಟೆ ತಾಯಿ, ಕೈಲಿದ್ದುದ್ದೂ ಓಯ್ತು!”

ಕರೋಯಿ ದಾರಿ

ಹರಾರೆಯಿಂದ ಕರೋಯಿ ಅನ್ನುವ ಊರಿನ ಕಡೆಗೆ ವ್ಯಾನಿನಲ್ಲಿ ಹೊರಟೆವು. ಎರಡೂ ಕಡೆ ಕೆಂಪು ಮಣ್ಣು, ಮುಸುಕಿನ ಜೋಳ, ಹೊಗೆಸೊಪ್ಪು. ಅತ್ತಿಗೆ ಕಿಟಕಿಗೆ ಮೂಗು ಒತ್ತಿಕೊಂಡು, “ಇದುಕ್ಕೆ ಇಷ್ಟು ದೂರ ಬರ್ಬೇಕಿತ್ತ? ಇದು ಪಿರಿಯಾಪಟ್ಟಣ್ವೇ ಕಣೇ,” ಅಂದರು. ಕಾಡು ಬಂದಾಗ ಕಾಕನಕೋಟೆ ಅಂದರು. ಒಂದು ಸಂತೆ ಬಂದಾಗ ಹುಣಸೂರು ಅಂದರು. ಹೊರದೇಶ ಅನ್ನುವುದನ್ನು ಕೊನೆಗೂ ಅವರು ಒಪ್ಪಲಿಲ್ಲ.

ಅಲ್ಲಿನವರ ನಮಸ್ಕಾರ ನನ್ನ ತಾಳ್ಮೆಯನ್ನು ಚೆನ್ನಾಗಿ ಪರೀಕ್ಷಿಸಿತು. ಒಬ್ಬರಿಗೊಬ್ಬರು ಎದುರಾದರೆ ನಿಲ್ಲಬೇಕು, ಅಂಗೈ ಬಾಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟಬೇಕು, ಹೇಗೆ ಎದ್ದಿರಿ ಅಂತ ಕೇಳಬೇಕು. ನೀವು ಚೆನ್ನಾಗಿ ಎದ್ದಿದ್ದರೆ ನಾನೂ ಚೆನ್ನಾಗಿ ಎದ್ದೆ ಅಂತ ಅವರು ಹೇಳಬೇಕು. ಪೆಟ್ರೋಲ್ ಹಾಕುವವನೂ ವ್ಯಾನಿನ ಡ್ರೈವರೂ ಇದನ್ನು ಪೂರ್ತಿ ಮುಗಿಸುವವರೆಗೆ ನಾವು ಬಿಸಿಲಲ್ಲಿ ಬೇಯುತ್ತಿದ್ದೆವು. ಏನನ್ನಾದರೂ ತಗೊಳ್ಳುವಾಗಲೂ ಹಾಗೆಯೇ. ಮೊದಲು ಎರಡು ಸಲ ಚಪ್ಪಾಳೆ, ಆಮೇಲೆ ಎರಡೂ ಕೈ ಚಾಚಿ ತಗೊಳ್ಳಬೇಕು. ಒಂದು ಬಾಟಲಿ ನೀರಿಗೂ ಅಷ್ಟೇ ಗೌರವ.

ನಮ್ಮ ಜೊತೆ ಬಂದಿದ್ದ ಬೆಳೆಗಾರ ಗಂಡಸರನ್ನೆಲ್ಲ ಮಂಜಣ್ಣ ಪೇಟೆಯ ಲಾಡ್ಜಿಗೆ ಸೇರಿಸಿದ. “ನೀವಿಬ್ರೂ ಹೆಂಗಸ್ರು, ಬ್ಯಾರನ್ ಕಟ್ಟಿರೋ ಆಯಮ್ಮನ ಮನೇಲೇ ಇದ್ಬುಡಿ. ನಾಳೆ ಬೆಳಿಗ್ಗೆ ಬ್ಯಾರನ್ ತೋರುಸ್ತಾರೆ, ಮಧ್ಯಾಹ್ನ ನಾನೇ ಬಂದು ಕರ್ಕೊಂಡೋಗ್ತೀನಿ ಮೇಡಂ,” ಅಂತ ಹೇಳಿ ಮಾಯವಾದ. ಮಾಯವಾಗುವುದರಲ್ಲಿ ಅವನು ಗಟ್ಟಿಗ.

ಅಮಾಯಿಯ ಚಾಪೆ

ಆಯಮ್ಮನ ಹೆಸರು ಅಮಾಯಿ ತೆಂದಾಯಿ. ತೆಂದಾಯಿ ಅನ್ನುವುದು ಅವರ ಹಿರಿಮಗನ ಹೆಸರು, ಅಮಾಯಿ ಅಂದರೆ ಅಮ್ಮ. ಅತ್ತಿಗೆಗೆ ಇದು ಬಹಳ ಹಿಡಿಸಿತು. ಅಗಲ ಭುಜದ, ಗಟ್ಟಿ ದನಿಯ ಹೆಂಗಸು. ಇಂಗ್ಲಿಷ್ ನನಗಿಂತ ಸರಾಗ. ನಾವು ಹೋದಾಗ ಅಂಗಳದಾಚೆಯ ಬ್ಯಾರನ್ನಿನಲ್ಲಿ ಹಿಂದಿನ ಸೊಪ್ಪು ಇಳಿಸಿ ಖಾಲಿ ಮಾಡಿದ್ದರು. ಅತ್ತಿಗೆ ಅದರತ್ತಲೇ ಓಡಿದರು. ಅಮಾಯಿ ತಡೆದು, ಮೊದಲು ಊಟ, ಬ್ಯಾರನ್ ಎಲ್ಲೂ ಓಡಿಹೋಗುವುದಿಲ್ಲ ಅಂದರು.

ಚಾಪೆ ಹಾಸಿ ಕೂರಿಸಿದರು. ಕೂತಲ್ಲಿಗೇ ಬೋಗುಣಿ ತಂದು ಕೈಗೆ ನೀರು ಹಾಕಿದರು. ಊಟ ಸಾಡ್ಜಾ, ಅಂದರೆ ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ. ಜೊತೆಗೆ ಕಡ್ಲೇಕಾಯಿ ಹಿಟ್ಟು ಹಾಕಿದ ಸೊಪ್ಪಿನ ಪಲ್ಯ. ಮುದ್ದೆ ನೋಡಿದ್ದೇ ಅತ್ತಿಗೆಯ ಮುಖ ಅರಳಿತು. ತುತ್ತು ಮುರಿದು, ಪಲ್ಯಕ್ಕೆ ಅದ್ದಿ, ಗುಳುಂ ಅಂತ ನುಂಗಿದರು. ಅಮಾಯಿಗೆ ಜೀವ ಹಾರಿಹೋದಂತಾಯಿತು. “ಅಗಿಯಲು ಹೇಳಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ!” ಅಂತ ನನ್ನ ತೋಳು ಹಿಡಿದರು. ಮುದ್ದೆಯನ್ನು ಅಗಿಯುತ್ತಾರೆ ಅಂತ ಕೇಳಿ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮಾಯಿಯೂ ನಕ್ಕರು. ಅಲ್ಲಿಯವರೆಗೆ ಎಲ್ಲ ಎಷ್ಟು ಚೆನ್ನಾಗಿತ್ತು!

ಪಲ್ಯಕ್ಕೆ ಉಪ್ಪು ಕಡಿಮೆ ಇತ್ತು. ಅತ್ತಿಗೆ ಮುಖ ಸಪ್ಪೆ ಮಾಡಿದ್ದನ್ನು ಅಮಾಯಿ ತಾವೇ ಕಂಡು, ಎದ್ದುಹೋಗಿ ಉಪ್ಪಿನ ಡಬ್ಬಿ ತಂದರು. ಅವರ ರೂಢಿಯಂತೆ ಮಂಡಿ ಸ್ವಲ್ಪ ಬಗ್ಗಿಸಿ, ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಅತ್ತಿಗೆಯತ್ತ ಚಾಚಿದರು.

ಅತ್ತಿಗೆ ಹಾವು ಕಂಡವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. “ನೋ ಟೇಕ್! ನೋ ಟೇಕ್!” ಅಂದರು. ನೆಲದ ಕಡೆ ಬೆರಳು ತೋರಿಸಿ, ಅಲ್ಲಿಡಿ, ಅಲ್ಲಿ, ಅಂತ ಸನ್ನೆ ಮಾಡಿದರು.

ನಮ್ಮ ಕಡೆ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ತಗೊಳ್ಳುವುದೂ ಇಲ್ಲ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೈ ದಾಟಿಸಿದರೆ ಇಬ್ಬರಿಗೂ ಜಗಳ ಹತ್ತುತ್ತದೆ ಅಂತ ನಂಬಿಕೆ. ಅತ್ತೆ ಸೊಸೆಯಾಗಲಿ, ಅಕ್ಕ ತಂಗಿಯಾಗಲಿ, ಎಲ್ಲರಿಗೂ ಇದೇ ಕಟ್ಟಳೆ. ಇದು ನಿಮಗೆ ಗೊತ್ತು, ನನಗೆ ಗೊತ್ತು. ಕರೋಯಿಯ ಹೆಂಗಸಿಗೆ ಹೇಗೆ ಗೊತ್ತಾಗಬೇಕು?

ಅಮಾಯಿ ಡಬ್ಬಿಯನ್ನು ಅಲ್ಲಿಡಲಿಲ್ಲ. ಎದೆಗೆ ಹಿಡಿದುಕೊಂಡು ನಿಂತರು. ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು: “ಚಿಕ್ಕವಳಾಗಿದ್ದಾಗ ನಮ್ಮಮ್ಮನ ಜೊತೆ ಪೇಟೆಯ ಬಿಳಿಯರ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯವನು ಅವಳ ಕೈಗೆ ಏನನ್ನೂ ಕೊಡುತ್ತಿರಲಿಲ್ಲ. ಎದುರಿನ ಹಲಗೆಯ ಮೇಲೆ ಇಡುತ್ತಿದ್ದ. ಅವಳು ಎತ್ತಿಕೊಳ್ಳುತ್ತಿದ್ದಳು. ಈಗ ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ ಕೂತು, ನೀವೂ ಕೆಳಗಿಡು ಅನ್ನುತ್ತೀರಾ?”

ನಾನು ನಡುವೆ ಬಾಯಿ ಹಾಕಿದೆ. “ಇಲ್ಲ ಅಮಾಯಿ, ಹಾಗಲ್ಲ, ಷಿ ಆಕ್ಸೆಪ್ಟ್ಸ್, ಷಿ ಓನ್ಲಿ ಡಸ್ ನಾಟ್ ರಿಸೀವ್,” ಅಂದೆ. ಅಂದ ಮೇಲೆ ನನಗೇ ಕೇಳಿಸಿತು, ಎಂಥ ಮೂರ್ಖ ಮಾತು ಅಂತ. ಬೋರ್ಡಿನ ಮೇಲೆ ಗೆರೆ ಎಳೆದು ಹೇಳುವ ಮಾತೇ ಅದು? ಜಗಳದ ನಂಬಿಕೆಯನ್ನೂ ವಿವರಿಸಿದೆ. “ಅಂದರೆ, ನನ್ನ ಜೊತೆ ಜಗಳ ಆಗಬಾರದು ಅಂತ ನನಗೆ ಅವಮಾನ ಮಾಡಿದರು,” ಅಂದರು ಅಮಾಯಿ. ನನ್ನ ಪಟ್ಟಿಯ ಕಟ್ಟಕಡೆಯಲ್ಲಿ ‘ಟೇಕ್ ಅಫೆನ್ಸ್’, ಅಂದರೆ ಮನಸ್ಸಿಗೆ ಹಚ್ಚಿಕೊಂಡು ಮುನಿಯುವುದು, ಅಂತ ಒಂದಿರುತ್ತಿತ್ತು. ಅದು ಬರುವ ಹೊತ್ತಿಗೆ ಗಂಟೆ ಹೊಡೆಯುತ್ತಿದ್ದರಿಂದ ಆ ಪಾಠ ಯಾವ ವರ್ಷವೂ ಪೂರ್ತಿಯಾಗಲಿಲ್ಲ.

ಅವರು ನನ್ನನ್ನು ನಂಬಬೇಕು ಅಂತ ಹಟ ಮಾಡುವ ಧೈರ್ಯವೂ ನನಗಿರಲಿಲ್ಲ. ಕೈಗೆ ಕೊಡದೆ ಕೆಳಗಿಡುವ ಇನ್ನೊಂದು ಪದ್ಧತಿ ನಮ್ಮ ಊರುಗಳಲ್ಲೂ ಇತ್ತು, ಕೆಲವು ಬೀದಿಗಳ ಜನರಿಗೆ ಮಾತ್ರ. ಅದು ಉಪ್ಪಿನದಲ್ಲ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಅಮಾಯಿ ಊಟದ ತಟ್ಟೆಗಳನ್ನು ತುಂಬ ಮರ್ಯಾದೆಯಿಂದ ಎತ್ತಿದರು. ಅಷ್ಟೇ ಮರ್ಯಾದೆಯಿಂದ ಹೇಳಿದರು, ನಾಳೆ ಬೆಳಿಗ್ಗೆಯೇ ಬ್ಯಾರನ್ನಿಗೆ ಸೊಪ್ಪು ತುಂಬಿಸುವುದಿದೆ, ತೋರಿಸಲು ಪುರುಸೊತ್ತಿಲ್ಲ, ನನ್ನ ತಮ್ಮ ನಿಮ್ಮನ್ನು ರಸ್ತೆಯವರೆಗೆ ಬಿಟ್ಟುಬರುತ್ತಾನೆ ಅಂತ.

“ಏನಂತೇ?” ಅಂದರು ಅತ್ತಿಗೆ. ಇಷ್ಟು ಹೊತ್ತೂ ಅವರು ಒಬ್ಬರ ಮುಖ ಆದ ಮೇಲೆ ಒಬ್ಬರದು ನೋಡುತ್ತಾ ಕೂತಿದ್ದರು.

ನನಗೆ ಎಲ್ಲಿತ್ತೋ ಸಿಟ್ಟು, ಎಲ್ಲವನ್ನೂ ಅವರ ಮೇಲೆ ಸುರಿದೆ. “ಬ್ಯಾರನ್ನೂ ಇಲ್ಲ, ಏನೂ ಇಲ್ಲ ಅತ್ತಿಗೆ! ಒಂದು ಚಿಟಿಕೆ ಉಪ್ಪು ತಗೊಂಡಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು? ಅವರ ಕೈ ಮುಟ್ಟಬಾರದು ಅಂತ ಹಾಗೆ ಮಾಡಿದಿರಿ ಅಂದುಕೊಂಡಿದಾರೆ ಅವರು!” ಅಂಗಡಿಯ ಕಥೆಯನ್ನೂ ಹೇಳಿದೆ.

“ಅಯ್ಯೋ ಶಿವನೇ. ನಾನು ಅಂಥೋಳು ಅಂದ್ಕಂಡ್ಳ?” ಅಂದರು ಅತ್ತಿಗೆ. ಕಣ್ಣು ತುಂಬಿಕೊಂಡಿತ್ತು. “ಇಷ್ಟು ಒಳ್ಳೇ ಎಂಗ್ಸು ಕಣೇ. ಇವ್ಳ ಜೊತೆ ಜಗಳ ಆಯ್ತದಲ್ಲ ಅಂತ ಅಂಗಂದೆ.” ಬ್ಯಾರನ್ನಿನ ಮಾತನ್ನು ಅವರು ಎತ್ತಲೇ ಇಲ್ಲ.

ಬ್ಯಾರನ್

ಬೆಳಿಗ್ಗೆ ನಾನು ಚೀಲ ಕಟ್ಟಿಕೊಂಡು ಹೊರಗೆ ಬಂದರೆ ಅತ್ತಿಗೆ ಅಡುಗೆ ಗುಡಿಸಲಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಅಮಾಯಿ ಗಂಜಿ ತಿರುಗಿಸುತ್ತಿದ್ದರು. ನನ್ನನ್ನು ಕಂಡದ್ದೇ ಅತ್ತಿಗೆ, “ಬಾ ಇಲ್ಲಿ, ನಾನೇಳಿದ್ದ ಅಂಗಂಗೇ ಹೇಳು. ನಿನ್ನ ಮೇಡಮ್ಮುತನ ಸೇರುಸ್ಬ್ಯಾಡ,” ಅಂದರು.

ಆಮೇಲೆ ಒಳಗೆ ಹೋಗಿ, ಅಮಾಯಿಯ ಮುಂದೆ ಮಂಡಿಯೂರಿ ಕೂತು, ದಾರಿಯಲ್ಲಿ ನೋಡಿ ಕಲಿತಿದ್ದ ಹಾಗೆ ಅಂಗೈ ಬಾಗಿಸಿ ಎರಡು ಸಲ ಚಪ್ಪಾಳೆ ತಟ್ಟಿದರು. ಎರಡೂ ಕೈ ಚಾಚಿದರು. ಉಪ್ಪಿನ ಡಬ್ಬಿಯ ಕಡೆ ಗದ್ದ ತೋರಿಸಿ, “ಟೇಕ್,” ಅಂದರು.

ಕೊಡು ಅನ್ನಲು ಟೇಕ್ ಅನ್ನಬಾರದು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಮಾಯಿ ಸೌಟು ನಿಲ್ಲಿಸಿದರು. ಅತ್ತಿಗೆಯ ಕೈಗಳನ್ನೇ ನೋಡಿದರು. ಆಮೇಲೆ ನನ್ನನ್ನು ಕೇಳಿದರು: “ಜಗಳ ಆಗುತ್ತದೆ ಅಂದಿರಲ್ಲ?”

ನಾನು ಕನ್ನಡದಲ್ಲಿ ಹೇಳಿದೆ. ಅತ್ತಿಗೆ ಚಾಚಿದ ಕೈ ಹಿಂದಕ್ಕೆ ತಗೊಳ್ಳದೆ ಅಂದರು: “ಆಗ್ಲಿ ಬುಡು ಅನ್ನು. ಮಾತಿಲ್ದೆ ಓಗೋದ್ಕಿಂತ ಜಗಳ ಆಡ್ಕಂಡು ಓಯ್ತೀನಿ ಅನ್ನು.”

ಹಾಗೇ ಹೇಳಿದೆ, ಒಂದು ಪದ ಸೇರಿಸದೆ. ಅಮಾಯಿ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಉಪ್ಪು ತೆಗೆದು ಅತ್ತಿಗೆಯ ಬೊಗಸೆಗೆ ಸುರಿದರು. ಚಿಟಿಕೆಯಲ್ಲ, ಹಿಡಿ. ಅತ್ತಿಗೆ ಅಲ್ಲೇ ನೆಕ್ಕಿದರು. ಮುಖ ಕಿವುಚಿಕೊಂಡರು. ಅಮಾಯಿಯ ಗಟ್ಟಿ ನಗು ಅಂಗಳದವರೆಗೆ ಕೇಳಿತು. ಒಲೆಯ ಮೇಲಿಂದ ಗಂಜಿಯನ್ನು ಇಳಿಸಿ, ಅತ್ತಿಗೆಯ ರಟ್ಟೆ ಹಿಡಿದು ಎಬ್ಬಿಸಿ, ಸೀದಾ ಬ್ಯಾರನ್ನಿಗೆ ಕರೆದುಕೊಂಡು ಹೋದರು.

ಜಗಳ ಬಹಳ ಹೊತ್ತು ಕಾಯಿಸಲಿಲ್ಲ. ಒಲೆಯ ಬಾಯಿ ಇಷ್ಟು ಚಿಕ್ಕದಾದರೆ ದಿಮ್ಮಿ ಹೇಗೆ ಹೋಗುತ್ತದೆ ಅಂತ ಅತ್ತಿಗೆ ಶುರು ಮಾಡಿದರು. ದಿಮ್ಮಿ ಯಾಕೆ ಬೇಕು, ಪುಳ್ಳೆ ಒಂದೊಂದಾಗಿ ತಳ್ಳಬೇಕು ಅಂತ ಅಮಾಯಿ. ಅದಾದ ಮೇಲೆ ಮಾಡಿನ ಗಾಳಿಕಿಂಡಿಯ ವಿಷಯ ಬಂತು. ಎಲೆ ತುದಿಯವರೆಗೂ ಹಳದಿಯಾದ ಮೇಲೆ ಕಿಂಡಿ ತೆಗೆಯಬೇಕು ಅಂತ ಅಮಾಯಿ. ಅಂಚಿನಲ್ಲಿ ಒಂಚೂರು ಹಸಿರು ಇದ್ದಾಗಲೇ ತೆಗೆಯಬೇಕು ಅಂತ ಅತ್ತಿಗೆ. “ನೋ ಟೇಕ್! ನೋ ಟೇಕ್!” ಅಂತ ಅತ್ತಿಗೆ ಎಲೆ ಹಿಡಿದು ಅಲ್ಲಾಡಿಸಿದರು. ಅಮಾಯಿ ಅವರ ಶೋನಾ ಭಾಷೆಗೆ ಇಳಿದರು. ಅತ್ತಿಗೆ ನಮ್ಮ ಊರಿನ ಸಕಲ ಬೈಗುಳಕ್ಕೂ ಇಳಿದರು. ಸೊಪ್ಪು ಕಟ್ಟುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಇಬ್ಬರೂ ನನ್ನ ಕಡೆ ತಿರುಗಿ, ಅವಳಿಗೆ ಹೇಳು, ಅವಳಿಗೆ ಹೇಳು ಅಂತ ಕೂಗುತ್ತಿದ್ದರು. ನಾನು ಒಂದು ಇಟ್ಟಿಗೆ ರಾಶಿಯ ಮೇಲೆ ಕೂತು, ನನಗೆ ತಲೆನೋವು ಅಂದೆ.

ಜಗಳದ ನಡುವೆಯೇ ಅತ್ತಿಗೆ ಒಲೆಯ ಬಾಯನ್ನು ಗೇಣು ಹಾಕಿ ಅಳೆದರು. ನೆಲದಡಿಯಲ್ಲಿ ಕಾವು ಹರಿಯುವ ಕಾಲುವೆಗೆ ಕೈ ಇಳಿಬಿಟ್ಟು ಮೊಳ ಹಾಕಿದರು. ಅವರ ಕೈಯನ್ನು ಅಮಾಯಿಯೇ ಹಿಡಿದು ಇನ್ನೂ ಒಳಕ್ಕೆ ತಳ್ಳಿದರು. ಮಂಜಣ್ಣನ ವ್ಯಾನು ಬಂದು ಹಾರ್ನ್ ಮಾಡಿದಾಗ ಇಬ್ಬರ ಮೈಕೈಯೂ ಮಸಿಯಾಗಿತ್ತು. “ಏನ್ ಮೇಡಂ ಇದು, ಜಗಳ ಆಡ್ತಾವ್ರೆ?” ಅಂದ ಅವನು ಗಾಬರಿಯಾಗಿ. “ಹೂಂ ಮಂಜಣ್ಣ, ಪುಣ್ಯಕ್ಕೆ ಆಡ್ತಿದಾರೆ,” ಅಂದೆ.

ನಮ್ಮೂರು

ಅತ್ತಿಗೆಯ ಹೊಸ ಬ್ಯಾರನ್ ಎದ್ದಿತು. ಗಾರೆಯವನು ಒಲೆಯ ಬಾಯಿ ನೋಡಿ ನಕ್ಕ, ಬೈಸಿಕೊಂಡ, ಹೇಳಿದ ಅಳತೆಗೇ ಕಟ್ಟಿದ. ಮೊದಲ ಸಲ ಸೊಪ್ಪು ತುಂಬಿದ ದಿನ ನಾನೂ ಹುಣಸೂರಿನಿಂದ ಹೋಗಿದ್ದೆ. ಅಣ್ಣ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಪುಳ್ಳೆ ತಳ್ಳುತ್ತಾ, “ಇದು ನಿಜ್ವಾಗ್ಲೂ ಉರೀತದಲ್ಲ ಸರೋಜ!” ಅಂತ ಬಂದವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ.

ಮಾರನೆಯ ದಿನ ಕಿಂಡಿ ತೆಗೆಯುವ ಹೊತ್ತಿಗೆ ಅತ್ತಿಗೆ ಫೋನು ತಂದು ನನ್ನ ಕೈಗಿಟ್ಟರು. “ಅವ್ಳಿಗೆ ಹಾಕು,” ಅಂದರು. ಪರದೆಯಲ್ಲಿ ಅಮಾಯಿಯ ಮುಖ ಬಂತು. ಅತ್ತಿಗೆ ಒಂದು ಎಲೆ ಹಿಡಿದು ತೋರಿಸಿದರು. ಇನ್ನೂ ಆಗಿಲ್ಲ ಅಂದರು ಅಮಾಯಿ. ಆಗಿದೆ ಅಂದರು ಅತ್ತಿಗೆ. ಇಲ್ಲ. ಹೂಂ. “ನೋ ಟೇಕ್!” ಈ ಸಲ ಕೂಗಿದ್ದು ಆ ಕಡೆಯ ಅಮಾಯಿ. ಅವರ ಇಂಗ್ಲಿಷನ್ನೂ ಅತ್ತಿಗೆ ಕೆಡಿಸಿಟ್ಟಿದ್ದರು. ಫೋನನ್ನು ಸೌದೆಗೆ ಒರಗಿಸಿ ಇಟ್ಟು, ನೀವೇ ಬಡಿದಾಡಿಕೊಳ್ಳಿ ಅಂತ ನಾನು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಅತ್ತಿಗೆ ಗೆದ್ದವರಂತೆ ಬಂದರು. ಸಾರು ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, “ಉಪ್ಪು ಕೊಡೇ,” ಅಂದರು.

ನಾನು ಹುಟ್ಟಿದಾಗಿನಿಂದ ಬಂದ ರೂಢಿಯಂತೆ ಉಪ್ಪಿನ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟೆ.

ಅತ್ತಿಗೆ ಅದನ್ನು ಮುಟ್ಟಲಿಲ್ಲ. ಎರಡೂ ಕೈ ಚಾಚಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಾ ನಿಂತರು.

“ಕೈಗೆ ಕೊಡು,” ಅಂದರು.